ಚಕ್ಕೋತದ ಕಹಿ, ನರಿಂಜಿನ್ ಕ್ಯಾಪ್ಸೂಲ್ ಮತ್ತು ಅತ್ತೆಯವರ ಮಾತ್ರೆಗಳು

ಪ್ರಶ್ನೆ: ಡೊಂಬಿವಲಿ ಪೂರ್ವದಿಂದ

ಎಲ್ಲರಿಗೂ ನಮಸ್ಕಾರ.

ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆಗಳನ್ನು ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ. ಮಳೆಗಾಲದಲ್ಲಿ ಸೀನು, ಮೂಗು ಸೋರುವುದು ಹೆಚ್ಚಾದಾಗ ವೈದ್ಯರು ಫೆಕ್ಸೋಫೆನಡಿನ್ ಬರೆದುಕೊಡುತ್ತಾರೆ. ಈಚೆಗೆ ನನ್ನ ಮೈದುನ ಆನ್‌ಲೈನ್‌ನಲ್ಲಿ ಒಂದು ಡಬ್ಬಿ ಕ್ಯಾಪ್ಸೂಲ್ ತರಿಸಿಕೊಟ್ಟಿದ್ದಾನೆ. ಅದರ ಮೇಲೆ ‘ಸಿಟ್ರಸ್ ಬಯೋಫ್ಲೇವನಾಯ್ಡ್, ನರಿಂಜಿನ್ 500 ಮಿಲಿಗ್ರಾಂ’ ಎಂದು ದಪ್ಪ ಅಕ್ಷರದಲ್ಲಿದೆ. ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಬೊಜ್ಜು, ಕೀಲುನೋವು ಎಲ್ಲದಕ್ಕೂ ಒಳ್ಳೆಯದೆಂದು ಜಾಹೀರಾತು ಹೇಳುತ್ತದೆ. ‘ಹೇಗೂ ಹಣ್ಣಿನದೇ ಸಾರವಲ್ಲವೇ, ಆ ಸ್ಟಾಟಿನ್ ಬಿಟ್ಟು ಇದನ್ನೇ ನುಂಗಿದರಾಯಿತು’ ಎಂಬುದು ಅತ್ತೆಯವರ ವಾದ.

ಇದೇ ಹೊತ್ತಿಗೆ, ಚೌತಿಗೆಂದು ಸಿಂಧುದುರ್ಗದ ಕಡೆಗೆ ಹೋಗಿದ್ದ ನೆರೆಮನೆಯವರು ಪಪನಸ ಹಣ್ಣುಗಳನ್ನು, ಅಂದರೆ ನಮ್ಮ ಚಕ್ಕೋತವನ್ನು, ಚೀಲ ತುಂಬ ತಂದುಕೊಟ್ಟಿದ್ದಾರೆ. ಅತ್ತೆಯವರಿಗೆ ಚಕ್ಕೋತವೆಂದರೆ ಪ್ರಾಣ. ಆದರೆ ‘ಗ್ರೇಪ್‌ಫ್ರೂಟ್ ಜೊತೆಗೆ ಈ ಮಾತ್ರೆ ಬೇಡ’ ಎಂದು ಸ್ಟಾಟಿನ್ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಓದಿದ ನೆನಪು ನನಗಿದೆ. ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು. ಗ್ರೇಪ್‌ಫ್ರೂಟಿನಲ್ಲಿಯೂ ಚಕ್ಕೋತದಲ್ಲಿಯೂ ಕಹಿ ಕೊಡುವುದು ಈ ನರಿಂಜಿನ್ ಎಂದು ಎಲ್ಲೋ ಓದಿದೆ. ಹಾಗಾದರೆ ಒಳ್ಳೆಯದು ಮಾಡುವ ವಸ್ತುವೂ ಮಾತ್ರೆಯೊಡನೆ ಕೆಡುಕು ಮಾಡುವ ವಸ್ತುವೂ ಒಂದೇ ಆಗಿದೆಯೇ? ನಾವು ಮನೆಯಲ್ಲಿ ಹಿಂಡುವ ಮೋಸಂಬಿ ರಸ ಸ್ವಲ್ಪ ಹೊತ್ತು ಇಟ್ಟರೆ ಕಹಿಯಾಗುತ್ತದಲ್ಲ, ಅದೂ ಇದೇ ವಸ್ತುವಿನಿಂದಲೇ? ಕ್ಯಾಪ್ಸೂಲಿನಿಂದ ನಿಜಕ್ಕೂ ಕೊಲೆಸ್ಟರಾಲ್ ಇಳಿಯುತ್ತದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. ಸ್ಟಾಟಿನ್ ಅನ್ನು ನಾವು ಸದ್ಯಕ್ಕೆ ನಿಲ್ಲಿಸಿಲ್ಲ, ಕ್ಯಾಪ್ಸೂಲ್ ಡಬ್ಬಿಯನ್ನು ಒಡೆದೂ ಇಲ್ಲ.

ಉತ್ತರ: ಪುಣೆ, ಹಡಪ್ಸರ್

ಹಣ್ಣಿನ ರಸ ಸಂಸ್ಕರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು. ಅಲ್ಲಿ ನಮ್ಮ ದಿನನಿತ್ಯದ ತಲೆನೋವೇ ಕಹಿಯಾಗಿತ್ತು. ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ಕಹಿಗೆ ಸಂಬಂಧಿಸಿದ್ದನ್ನು ಹೇಳುತ್ತೇನೆ. ಔಷಧಿಯ ಮಾತನ್ನು ಅದನ್ನು ಬಲ್ಲವರು ಹೇಳಲಿ.

ಮೊದಲು ಮೋಸಂಬಿಯ ಸಂಗತಿಯನ್ನು ಮುಗಿಸಿಬಿಡೋಣ, ಏಕೆಂದರೆ ಅದು ಬೇರೆಯೇ ಕಥೆ. ಚಕ್ಕೋತವನ್ನು ಬಾಯಿಗಿಟ್ಟ ಕೂಡಲೇ ಕಹಿ ತಿಳಿಯುತ್ತದೆ. ಮೋಸಂಬಿ ಹಿಂಡಿದಾಗ ಸಿಹಿಯಾಗಿದ್ದು, ಹೊತ್ತು ಕಳೆದಂತೆ ಕಹಿಯಾಗುತ್ತದೆ. ಈ ತಡವಾದ ಕಹಿಗೆ ಕಾರಣ ಲಿಮೋನಿನ್ ಎಂಬ ವಸ್ತು, ಅದು ನರಿಂಜಿನ್ ಸೇರಿದ ಫ್ಲೇವನಾಯ್ಡ್ ಜಾತಿಯದೇ ಅಲ್ಲ, ಲಿಮೋನಾಯ್ಡ್ ಎಂಬ ಇನ್ನೊಂದು ಕುಟುಂಬದ್ದು. ಇಡಿಯ ಹಣ್ಣಿನಲ್ಲಿ ಅದರ ಕಹಿಯಿಲ್ಲದ ಪೂರ್ವರೂಪ ಮಾತ್ರ ಇರುತ್ತದೆ. ಹಿಂಡುವಾಗ ತೊಳೆಯ ಪೊರೆ ಹರಿದು, ಆ ಪೂರ್ವರೂಪವು ಹುಳಿರಸಕ್ಕೆ ಸಿಕ್ಕಿದಾಗ ಅಣುವಿನ ಒಂದು ಉಂಗುರ ಮುಚ್ಚಿಕೊಂಡು ಲಿಮೋನಿನ್ ಆಗುತ್ತದೆ. ಕಾಯಿಸಿದರೆ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಲೀಟರಿಗೆ ಐದಾರು ಮಿಲಿಗ್ರಾಂ ಇದ್ದರೂ ನಾಲಿಗೆ ಅದನ್ನು ಹಿಡಿಯುತ್ತದೆ. ಮೋಸಂಬಿಯನ್ನು ಬೀಜಸಮೇತ ಮಿಕ್ಸಿಯಲ್ಲಿ ತಿರುಗಿಸದೆ, ಮೆದುವಾಗಿ ಹಿಂಡಿ ಕೂಡಲೇ ಕುಡಿದರೆ ಈ ತೊಂದರೆ ಇಲ್ಲ. ಅತ್ತೆಯವರ ಮಾತ್ರೆಗಳ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ನರಿಂಜಿನ್. 1857ರಲ್ಲಿ ಡಿ ವ್ರೀ ಎಂಬಾತ ಜಾವಾ ದ್ವೀಪದಲ್ಲಿ ಇದೇ ಕುಲದ ಗಿಡದ ಹೂಗಳಲ್ಲಿ ಇದನ್ನು ಮೊದಲು ಕಂಡ. ಶುದ್ಧವಾದದ್ದು ಬಿಳಿ ಹರಳಿನ ಪುಡಿ. ಅದರ ಅಣುವಿನಲ್ಲಿ 27 ಇಂಗಾಲ, 32 ಜಲಜನಕ, 14 ಆಮ್ಲಜನಕ ಪರಮಾಣುಗಳಿದ್ದು, ಅಣುತೂಕ ಸುಮಾರು 580. ಅಣುವನ್ನು ಎರಡು ಭಾಗವಾಗಿ ನೋಡಬೇಕು. ಒಂದು, ನರಿಂಜೆನಿನ್ ಎಂಬ 15 ಇಂಗಾಲದ ಫ್ಲೇವನೋನ್ ಚೌಕಟ್ಟು, ಅಣುತೂಕ 272. ಇನ್ನೊಂದು, ಆ ಚೌಕಟ್ಟಿನ ಏಳನೆಯ ಸ್ಥಾನಕ್ಕೆ ಅಂಟಿಕೊಂಡ ಸಕ್ಕರೆಯ ಜೋಡಿ: ಮೊದಲು ಗ್ಲೂಕೋಸ್, ಅದರ ಮೇಲೆ ರ‍್ಯಾಮ್ನೋಸ್. ನರಿಂಜೆನಿನ್‌ಗೆ ತನ್ನಷ್ಟಕ್ಕೆ ಕಹಿ ಇಲ್ಲವೆನ್ನಬಹುದು. ಸಕ್ಕರೆ ಅಂಟಿಕೊಂಡ ಮೇಲೆ ಕಹಿ ಹುಟ್ಟುತ್ತದೆ ಎಂಬುದೇ ಇಲ್ಲಿನ ಸೋಜಿಗ.

ಸಕ್ಕರೆ ಎಲ್ಲಿ ಅಂಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರ‍್ಯಾಮ್ನೋಸ್ ಗ್ಲೂಕೋಸಿನ ಎರಡನೆಯ ಇಂಗಾಲಕ್ಕೆ ಸೇರಿದರೆ ಆ ಜೋಡಿಯನ್ನು ನಿಯೋಹೆಸ್ಪೆರಿಡೋಸ್ ಎನ್ನುತ್ತಾರೆ. ಆಗ ವಸ್ತು ಕಹಿ. ಅದೇ ರ‍್ಯಾಮ್ನೋಸ್ ಆರನೆಯ ಇಂಗಾಲಕ್ಕೆ ಸೇರಿದರೆ ರುಟಿನೋಸ್. ಆಗ ಅದೇ ನರಿಂಜೆನಿನ್, ಅದೇ ಎರಡು ಸಕ್ಕರೆ, ಅದೇ ಅಣುತೂಕ, ಆದರೆ ಕಹಿ ಮಾಯ. ಈ ರುಚಿಯಿಲ್ಲದ ಸೋದರನ ಹೆಸರು ನರಿರುಟಿನ್. ಕಿತ್ತಳೆ, ಮೋಸಂಬಿಗಳಲ್ಲಿ ಧಾರಾಳವಾಗಿರುವ ಹೆಸ್ಪೆರಿಡಿನ್ ಕೂಡ ಈ ರುಟಿನೋಸ್ ಗುಂಪಿನದು, ಅದಕ್ಕೂ ಕಹಿಯಿಲ್ಲ. ಯಾವ ಹಣ್ಣು ಯಾವ ಜೋಡಣೆ ಮಾಡುತ್ತದೆ ಎಂಬುದನ್ನು ಅದರ ಕಿಣ್ವ (ಎಂಜೈಮ್) ನಿರ್ಧರಿಸುತ್ತದೆ. ಚಕ್ಕೋತದಲ್ಲಿ ಎರಡನೆಯ ಇಂಗಾಲಕ್ಕೆ ರ‍್ಯಾಮ್ನೋಸ್ ಕೂಡಿಸುವ ಕಿಣ್ವವಿದೆ, ಸಿಹಿ ಕಿತ್ತಳೆಯಲ್ಲಿ ಆರನೆಯದಕ್ಕೆ ಕೂಡಿಸುವ ಕಿಣ್ವ ಕೆಲಸ ಮಾಡುತ್ತದೆ. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಸಿಹಿ ಕಿತ್ತಳೆ ಕೂಡಿ ಹದಿನೆಂಟನೆಯ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಕಾಣಿಸಿಕೊಂಡ ಮಿಶ್ರ ತಳಿ. ಅದರಲ್ಲಿ ನರಿಂಜಿನ್, ನರಿರುಟಿನ್ ಎರಡೂ ಸಿಗುತ್ತವೆ. ತಂದೆತಾಯಿಯರ ಗುಣ ಇಷ್ಟು ಸ್ಪಷ್ಟವಾಗಿ ಬಾಟಲಿಯೊಳಗೆ ಕಾಣುವುದು ಅಪರೂಪ.

ಹಣ್ಣಿನೊಳಗೆ ನರಿಂಜಿನ್ ಎಲ್ಲೆಡೆ ಒಂದೇ ಸಮನೆ ಇರುವುದಿಲ್ಲ. ಸಿಪ್ಪೆಯ ಒಳಗಿನ ಬಿಳಿಯ ಮೆತ್ತನೆ ಪದರದಲ್ಲಿ ಮತ್ತು ತೊಳೆಯನ್ನು ಸುತ್ತಿದ ಪೊರೆಯಲ್ಲಿ ಅದು ಹೆಚ್ಚು. ರಸದ ಎಸಳುಗಳಲ್ಲಿ ಕಡಿಮೆ. ಎಳೆಗಾಯಿಯಲ್ಲಿ ಅದರ ಪ್ರಮಾಣ ಬಹಳ, ಕಾಯಿ ಬಲಿತಂತೆ ಇಳಿಯುತ್ತದೆ. ಚಕ್ಕೋತದ ಪೊರೆಯನ್ನೂ ಬಿಳಿ ನಾರನ್ನೂ ಹಿರಿಯರು ತಾಳ್ಮೆಯಿಂದ ಬಿಡಿಸಿ ಎಸಳನ್ನಷ್ಟೇ ತಿನ್ನುತ್ತಿದ್ದುದು ಸುಮ್ಮನೆ ಅಲ್ಲ.

ಪ್ರಯೋಗಾಲಯದಲ್ಲಿ ನಾವು ಇದನ್ನು ಅಳೆಯುತ್ತಿದ್ದ ಹಳೆಯ ಕ್ರಮ 1947ರ ಡೇವಿಸ್ ವಿಧಾನ. ಸೋಸಿದ ರಸದ ಸ್ವಲ್ಪ ಭಾಗವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಬೆರೆಸಿ, ಒಂದಿಷ್ಟು ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿದರೆ, ನೀರಿನಂತಿದ್ದ ದ್ರವ ನೋಡನೋಡುತ್ತಲೇ ಹಳದಿಗೆ ತಿರುಗುತ್ತದೆ. ಕ್ಷಾರಕ್ಕೆ ಸಿಕ್ಕಿ ಅಣುವಿನ ನಡುವಿನ ಉಂಗುರ ಬಿಚ್ಚಿಕೊಂಡು ಚಾಲ್ಕೋನ್ ಎಂಬ ಹಳದಿ ರೂಪವಾಗುವುದೇ ಇದಕ್ಕೆ ಕಾರಣ. ಆ ಹಳದಿಯ ಗಾಢತೆಯನ್ನು 420 ನ್ಯಾನೋಮೀಟರಿನಲ್ಲಿ ಅಳೆದು ಲೆಕ್ಕ ಹಾಕುತ್ತಿದ್ದೆವು. ಆದರೆ ಈ ಪರೀಕ್ಷೆಗೆ ಕಹಿ ಯಾವುದು, ಕಹಿಯಿಲ್ಲದ್ದು ಯಾವುದು ಎಂಬ ಭೇದ ಗೊತ್ತಿಲ್ಲ. ನರಿರುಟಿನ್, ಹೆಸ್ಪೆರಿಡಿನ್ ಇದ್ದರೂ ಹಳದಿಯೇ. ಈಗ ಎಚ್‌ಪಿಎಲ್‌ಸಿ ಯಂತ್ರ ಒಂದೊಂದನ್ನೂ ಬೇರ್ಪಡಿಸಿ ತೋರಿಸುತ್ತದೆ. ಡಬ್ಬಿಯ ಮೇಲಿನ 500 ಎಂಬ ಅಂಕಿಯನ್ನು ಯಾವ ವಿಧಾನದಿಂದ ಪಡೆದರು ಎಂದು ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ.

ಹಳದಿಯಾದ ಆ ಚಾಲ್ಕೋನ್‌ಗೆ ಜಲಜನಕ ಸೇರಿಸಿದರೆ ಕಹಿ ಹೋಗಿ ಸಿಹಿ ಬರುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಾಸಡೀನಾ ಪ್ರಯೋಗಾಲಯದಲ್ಲಿ ಹೊರೊವಿಟ್ಸ್ ಮತ್ತು ಜೆಂಟಿಲಿ 1960ರ ದಶಕದ ಆರಂಭದಲ್ಲಿ ಇದನ್ನು ಕಂಡುಕೊಂಡರು. ನರಿಂಜಿನ್‌ನ ಸಮೀಪದ ಬಂಧುವಾದ ನಿಯೋಹೆಸ್ಪೆರಿಡಿನ್‌ನಿಂದ ಹೀಗೆ ಮಾಡಿದ ವಸ್ತು ಸಕ್ಕರೆಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸಿಹಿ, ಯುರೋಪಿನಲ್ಲಿ 959ನೆಯ ಸಂಖ್ಯೆಯ ಆಹಾರ ಸೇರ್ಪಡೆಯಾಗಿ ಬಳಕೆಯಲ್ಲಿದೆ. ಕಾರ್ಖಾನೆಯಲ್ಲಿ ಕಹಿ ತೆಗೆಯಲು ಇನ್ನೊಂದು ದಾರಿ ನರಿಂಜಿನೇಸ್ ಎಂಬ ಕಿಣ್ವ. ಅದು ಮೊದಲು ರ‍್ಯಾಮ್ನೋಸನ್ನು ಕಡಿದು ಪ್ರುನಿನ್ ಎಂಬುದನ್ನು ಉಳಿಸುತ್ತದೆ, ಆಗ ಕಹಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆಮೇಲೆ ಗ್ಲೂಕೋಸನ್ನೂ ಕಡಿದಾಗ ನರಿಂಜೆನಿನ್ ಮಾತ್ರ ಉಳಿಯುತ್ತದೆ.

ಕೊನೆಗೊಂದು ಮಾತು. ನರಿಂಜಿನ್ ತಣ್ಣೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಫ್ರೀಜರಿನಲ್ಲಿಟ್ಟ ತೊಳೆಗಳ ಮೇಲೆ ಕೆಲವೊಮ್ಮೆ ಸಣ್ಣ ಬಿಳಿ ಚುಕ್ಕೆಗಳು ಏಳುತ್ತವೆ. ಬೂಷ್ಟು ಹಿಡಿಯಿತೆಂದು ಜನ ಎಸೆಯುತ್ತಾರೆ. ಬೆರಳಿಗೆ ಮರಳಿನಂತೆ ಹರಳು ಹರಳಾಗಿ ತಾಗಿದರೆ, ವಾಸನೆಯೂ ಕೆಟ್ಟಿರದಿದ್ದರೆ, ಅದು ಬಹುಮಟ್ಟಿಗೆ ಕಟ್ಟಿಕೊಂಡ ನರಿಂಜಿನ್ನೇ.

ಉತ್ತರ: ಮುಲುಂಡ್

ಹಡಪ್ಸರಿನ ಸರ್ ಕಹಿಯನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಔಷಧ ಶಾಸ್ತ್ರ ಓದಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ಉಳಿದ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಯತ್ನಿಸುತ್ತೇನೆ.

ನಿಮ್ಮ ಮುಖ್ಯ ಪ್ರಶ್ನೆ, ಒಳಿತು ಮಾಡುವುದೂ ಕೆಡುಕು ಮಾಡುವುದೂ ಒಂದೇ ವಸ್ತುವೇ ಎಂಬುದು, ವಿಜ್ಞಾನಿಗಳನ್ನೂ ಕೆಲವು ವರ್ಷ ಕಾಡಿದ ಪ್ರಶ್ನೆ. ಕೆನಡಾದ ಲಂಡನ್ ನಗರದಲ್ಲಿ ಡೇವಿಡ್ ಬೇಯ್ಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯೂ ಮದ್ಯವೂ ಕೂಡಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಅದನ್ನು ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿದರು. ರಕ್ತದಲ್ಲಿ ಔಷಧಿಯ ಮಟ್ಟ ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಏರಿತ್ತು, ಅದಕ್ಕೆ ಕಾರಣ ಮದ್ಯವಲ್ಲ, ರಸ. 1989ರಲ್ಲಿ ಇದು ಹೊರಬಂತು, 1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಲೇಖನದ ನಂತರ ಎಲ್ಲರ ಗಮನಕ್ಕೆ ಬಂತು. ಗ್ರೇಪ್‌ಫ್ರೂಟಿನಲ್ಲಿ ಧಾರಾಳವಾಗಿದ್ದು ಇತರ ಹಣ್ಣುಗಳಲ್ಲಿ ಅಷ್ಟಾಗಿ ಇಲ್ಲದ ವಸ್ತುವೆಂದು ಮೊದಲ ಸಂಶಯ ನರಿಂಜಿನ್ ಮೇಲೆಯೇ ಬಿತ್ತು. ಆದರೆ ರಸದಲ್ಲಿರುವಷ್ಟೇ ನರಿಂಜಿನ್ ಅನ್ನು ನೀರಿನಲ್ಲಿ ಕದಡಿ ಕೊಟ್ಟಾಗ ರಸದಷ್ಟು ಪರಿಣಾಮ ಕಾಣಲಿಲ್ಲ. ಕೊನೆಗೆ ಸಿಕ್ಕಿಬಿದ್ದವು ಫ್ಯುರಾನೋಕೌಮರಿನ್ ಎಂಬ ಬೇರೆಯೇ ವಸ್ತುಗಳು, ಅವುಗಳಲ್ಲಿ ಮುಖ್ಯವಾದದ್ದು ಬರ್ಗಮಾಟಿನ್ ಮತ್ತು ಅದರ ಡೈಹೈಡ್ರಾಕ್ಸಿ ರೂಪ. 2006ರಲ್ಲಿ ಫ್ಯುರಾನೋಕೌಮರಿನ್‌ಗಳನ್ನು ಮಾತ್ರ ತೆಗೆದ ಗ್ರೇಪ್‌ಫ್ರೂಟ್ ರಸವನ್ನು ಕೊಟ್ಟು ನೋಡಿದಾಗ ಫೆಲೋಡಿಪಿನ್ ಮಟ್ಟ ಏರಲಿಲ್ಲ. ಅಲ್ಲಿಗೆ ಆ ವಿಚಾರ ಇತ್ಯರ್ಥವಾಯಿತು.

ಅವು ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಕರುಳಿನ ಒಳಗೋಡೆಯಲ್ಲಿ ಸಿವೈಪಿ 3ಎ4 ಎಂಬ ಕಿಣ್ವವಿದೆ. ಹಲವು ಮಾತ್ರೆಗಳ ಒಂದು ಪಾಲನ್ನು ಅದು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಫ್ಯುರಾನೋಕೌಮರಿನ್ ಆ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕರುಳು ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ, ಅಂದರೆ ಒಂದರಿಂದ ಮೂರು ದಿನ, ಪರಿಣಾಮ ಉಳಿಯುತ್ತದೆ. ಆದ್ದರಿಂದ ‘ಬೆಳಿಗ್ಗೆ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗಿದರಾಯಿತು’ ಎಂಬ ಉಪಾಯ ಇಲ್ಲಿ ನಡೆಯುವುದಿಲ್ಲ. ಚಕ್ಕೋತದಲ್ಲಿಯೂ ಫ್ಯುರಾನೋಕೌಮರಿನ್‌ಗಳಿವೆ, ಚಕ್ಕೋತದ ರಸ ಕುಡಿದವರಲ್ಲಿ ಸೈಕ್ಲೋಸ್ಪೊರಿನ್ ಎಂಬ ಔಷಧಿಯ ಮಟ್ಟ ಏರಿದ್ದು ದಾಖಲಾಗಿದೆ. ಹೀಗೆ ಗ್ರೇಪ್‌ಫ್ರೂಟಿನೊಂದಿಗೆ ಹೊಂದದ ಔಷಧಿಗಳು 85ಕ್ಕೂ ಹೆಚ್ಚು ಎಂದು ಬೇಯ್ಲಿಯವರೇ 2013ರಲ್ಲಿ ಪಟ್ಟಿ ಮಾಡಿದರು. ಅಂಗಾಂಗ ಕಸಿ ಮಾಡಿಸಿಕೊಂಡವರು, ಅಮಿಯೋಡರೋನ್‌ನಂಥ ಹೃದಯದ ಲಯದ ಮಾತ್ರೆ ನುಂಗುವವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ನಿಮ್ಮ ಅತ್ತೆಯವರ ಮೂರು ಮಾತ್ರೆಗಳು ಮೂರು ಬಗೆಯವು. ಅಟೋರ್ವಾಸ್ಟಾಟಿನ್ ಈ ಕಿಣ್ವದಿಂದಲೇ ಒಡೆಯುವಂಥದ್ದು. ದಿನಕ್ಕೊಂದು ಲೋಟ, ಅಂದರೆ 240 ಮಿಲಿಲೀಟರ್ ಗ್ರೇಪ್‌ಫ್ರೂಟ್ ರಸದೊಡನೆ ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಸುಮಾರು 37 ಶೇಕಡಾ ಏರುತ್ತದೆ. ಒಂದು ಲೀಟರಿಗೂ ಮೀರಿ ಕುಡಿದರೆ ಏರಿಕೆ ಎರಡು ಪಟ್ಟಿಗೂ ಮಿಕ್ಕಬಹುದು. ಸಿಮ್ವಾಸ್ಟಾಟಿನ್ ಆಗಿದ್ದರೆ ಏರಿಕೆ ಇನ್ನೂ ಬಹಳ. ಸ್ಟಾಟಿನ್ ಮಟ್ಟ ಮಿತಿಮೀರಿದಾಗ ಸ್ನಾಯುಗಳಿಗೆ ಪೆಟ್ಟು ಬೀಳುತ್ತದೆ, ವಯಸ್ಸಾದವರಲ್ಲಿ ಆ ಭಯ ಹೆಚ್ಚು. ಆಮ್ಲೋಡಿಪಿನ್ ಮೊದಲೇ ಚೆನ್ನಾಗಿ ಹೀರಿಕೆಯಾಗುವ ಔಷಧಿಯಾದ್ದರಿಂದ ಅದರ ಮೇಲೆ ಪರಿಣಾಮ ಅತ್ಯಲ್ಪ.

ಫೆಕ್ಸೋಫೆನಡಿನ್‌ನ ವಿಷಯ ಇದಕ್ಕೆ ತದ್ವಿರುದ್ಧ, ಮತ್ತು ಇಲ್ಲಿ ನಿಮ್ಮ ನರಿಂಜಿನ್ ನಿಜವಾಗಿಯೂ ಪಾತ್ರ ವಹಿಸುತ್ತದೆ. ಕರುಳಿನಿಂದ ಈ ಔಷಧಿಯನ್ನು ಒಳಕ್ಕೆ ಒಯ್ಯುವ ಸಾಗಣೆ ಪ್ರೋಟೀನನ್ನು ನರಿಂಜಿನ್ ತಡೆಯುತ್ತದೆ. ಹಾಗಾಗಿ ರಕ್ತದಲ್ಲಿ ಔಷಧಿ ಏರುವುದಿಲ್ಲ, ಇಳಿಯುತ್ತದೆ. ಮಾತ್ರೆ ನುಂಗಿಯೂ ಸೀನು ನಿಲ್ಲುವುದಿಲ್ಲ. ಈ ತಡೆ ಕೆಲವು ಗಂಟೆಗಳದು ಮಾತ್ರ. ಫೆಕ್ಸೋಫೆನಡಿನ್ ಅನ್ನು ಯಾವ ಹಣ್ಣಿನ ರಸದೊಡನೆಯೂ ಅಲ್ಲ, ಬರಿಯ ನೀರಿನೊಡನೆ ನುಂಗಬೇಕೆಂದು ತಯಾರಕರ ಚೀಟಿಯಲ್ಲಿಯೇ ಇರುತ್ತದೆ.

ಕೊಲೆಸ್ಟರಾಲ್ ಇಳಿಸುವ ಮಾತಿಗೆ ಬರುತ್ತೇನೆ. ನಾವು ನುಂಗಿದ ನರಿಂಜಿನ್ ಸಣ್ಣ ಕರುಳಿನಲ್ಲಿ ಇದ್ದಂತೆಯೇ ಹೀರಿಕೆಯಾಗುವುದು ತೀರಾ ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಸಕ್ಕರೆಗಳನ್ನು ಕಡಿದು ನರಿಂಜೆನಿನ್ ಮಾಡಿದ ಮೇಲೆಯೇ ಅದು ಒಳಹೋಗುತ್ತದೆ, ಹೋದದ್ದನ್ನೂ ದೇಹ ಬೇಗನೆ ಗ್ಲುಕುರೋನೈಡ್ ಎಂಬ, ಹೊರಹಾಕಲು ಸುಲಭವಾದ ರೂಪಕ್ಕೆ ಬದಲಿಸುತ್ತದೆ. ಪರೀಕ್ಷಾ ನಳಿಕೆಯಲ್ಲಿ ನರಿಂಜಿನ್ ತೋರಿಸುವ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಶಕ್ತಿಯನ್ನು ರಕ್ತದಲ್ಲಿ ಅಷ್ಟೇ ನಿರೀಕ್ಷಿಸುವಂತಿಲ್ಲ. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿದೆ, ಒಪ್ಪುತ್ತೇನೆ. ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ನರಿಂಜೆನಿನ್ ಕೊಟ್ಟಾಗ ಯಕೃತ್ತಿನ ಕೊಬ್ಬು, ರಕ್ತದ ಕೊಬ್ಬು ಎರಡೂ ಇಳಿದುದನ್ನು 2009ರ ಅಧ್ಯಯನವೊಂದು ತೋರಿಸಿತು. ಆದರೆ ಕೊಟ್ಟದ್ದೆಷ್ಟು? ಆಹಾರದ 1ರಿಂದ 3 ಶೇಕಡಾ. ದಿನಕ್ಕೆ ಅರ್ಧ ಕಿಲೋ ಒಣ ಆಹಾರ ತಿನ್ನುವ ಮನುಷ್ಯನಿಗೆ ಆ ಲೆಕ್ಕ ಹಿಡಿದರೆ 5ರಿಂದ 15 ಗ್ರಾಂ. 500 ಮಿಲಿಗ್ರಾಂ ನರಿಂಜಿನ್ ಕ್ಯಾಪ್ಸೂಲಿನಲ್ಲಿ ನರಿಂಜೆನಿನ್ ಭಾಗ ಅಣುತೂಕದ ಪ್ರಕಾರ ಸುಮಾರು 235 ಮಿಲಿಗ್ರಾಂ ಮಾತ್ರ. ಜಾಹೀರಾತಿನವರು ಇಲಿಯ ಫಲಿತಾಂಶ ಹೇಳುತ್ತಾರೆ, ಇಲಿಯ ಪ್ರಮಾಣ ಹೇಳುವುದಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು ಒಂದಕ್ಕೊಂದು ಹೊಂದುವುದಿಲ್ಲ. 2003ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನದಲ್ಲಿ ದಿನಕ್ಕೆ 400 ಮಿಲಿಗ್ರಾಂ ನರಿಂಜಿನ್ ಎಂಟು ವಾರ ಕೊಟ್ಟಾಗ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಸುಮಾರು 17 ಶೇಕಡಾ ಇಳಿಯಿತು. 2010ರಲ್ಲಿ ಇದಕ್ಕಿಂತ ದೊಡ್ಡದಾಗಿ, ಸುಮಾರು 200 ಜನರಲ್ಲಿ, ಕಹಿ–ಸಪ್ಪೆ ತಿಳಿಯದಂತೆ ಕ್ಯಾಪ್ಸೂಲಿನಲ್ಲಿ ಶುದ್ಧ ನರಿಂಜಿನ್ 500 ಮಿಲಿಗ್ರಾಂ ಅಥವಾ ಹೆಸ್ಪೆರಿಡಿನ್ 800 ಮಿಲಿಗ್ರಾಂ ಅಥವಾ ಹುಸಿಮಾತ್ರೆಯನ್ನು ನಾಲ್ಕು ವಾರ ಕೊಟ್ಟು ನೋಡಿದರು, ಎಲ್‌ಡಿಎಲ್ ಕದಲಲಿಲ್ಲ. ನಿಮ್ಮ ಡಬ್ಬಿಯ ಪ್ರಮಾಣವೂ ಇದೇ 500 ಎಂಬುದನ್ನು ಗಮನಿಸಿ. ಸ್ಟಾಟಿನ್ ಎಲ್‌ಡಿಎಲ್ ಅನ್ನು 30ರಿಂದ 50 ಶೇಕಡಾ ಇಳಿಸುವುದಲ್ಲದೆ ಹೃದಯಾಘಾತವನ್ನೂ ತಗ್ಗಿಸುತ್ತದೆ ಎಂಬುದು ದೊಡ್ಡ ದೊಡ್ಡ ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಅದನ್ನು ಬಿಟ್ಟು ಇದನ್ನು ಹಿಡಿಯುವುದಕ್ಕೆ ನನಗಂತೂ ಕಾರಣ ಕಾಣುತ್ತಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿ. ಇಂಥ ಉತ್ಪನ್ನಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂದು ಮುದ್ರಿಸಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮುಂಭಾಗದ ದಪ್ಪ ಅಕ್ಷರಕ್ಕಿಂತ ಆ ಸಾಲನ್ನು ಅತ್ತೆಯವರಿಗೆ ಓದಿಸಿ.

ಉತ್ತರ: ಮಡಗಾಂವ್

ಗೋವೆಯಲ್ಲಿ ನೆಲೆಸಿದ ಕಾರವಾರದವನು ನಾನು. ಇಲ್ಲಿ ಚಕ್ಕೋತಕ್ಕೆ ತೋರಂಜ ಎನ್ನುತ್ತಾರೆ. ಚೌತಿಗೆ ಗಣಪತಿಯ ಮೇಲೆ ಮರದ ಚೌಕಟ್ಟು ಕಟ್ಟಿ ಆ ಕಾಲದ ಕಾಯಿಹಣ್ಣುಗಳನ್ನೆಲ್ಲ ತೂಗುಹಾಕುವ ಮಾಟೋಳಿಯಲ್ಲಿ ತೋರಂಜ ಇರಲೇಬೇಕು. ವಿಸರ್ಜನೆಯ ಮರುದಿನ ಅದನ್ನು ಬಿಡಿಸಿ, ಎಸಳುಗಳಿಗೆ ಉಪ್ಪು, ಮೆಣಸಿನ ಪುಡಿ, ಚಿಟಿಕೆ ಸಕ್ಕರೆ ಬೆರೆಸಿ ತಿನ್ನುತ್ತೇವೆ. ಉಪ್ಪು ಬಿದ್ದರೆ ಕಹಿ ಅರ್ಧವಾಗುತ್ತದೆ. ಇದು ಬರಿಯ ಭ್ರಮೆಯೋ, ಏನಾದರೂ ಕಾರಣವಿದೆಯೋ ಎಂದು ಪುಣೆಯವರು ಹೇಳಬೇಕು.

ನಮ್ಮ ಮನೆಯಲ್ಲಿ ಸಿಪ್ಪೆಯನ್ನೂ ಬಿಸಾಡುವುದಿಲ್ಲ. ಹೊರಗಿನ ಹಸಿರನ್ನು ತೆಳ್ಳಗೆ ಹೆರೆದು, ದಪ್ಪ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ, ಎರಡು ಸಲ ಕುದಿಸಿ ನೀರು ಚೆಲ್ಲಿ, ಹಿಂಡಿ, ಹುಣಸೆರಸ, ಬೆಲ್ಲ, ಹುರಿದ ಎಳ್ಳು–ಮೆಣಸಿನ ಪುಡಿ ಹಾಕಿ ಗೊಜ್ಜು ಮಾಡುತ್ತೇವೆ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವವರಿಗೆ ಇದು ಹೊಸದೇನಲ್ಲ. ಬಿಳಿ ಭಾಗದಲ್ಲೇ ನರಿಂಜಿನ್ ಹೆಚ್ಚು ಎಂದರೆ, ಜಾಹೀರಾತಿನ ಕ್ಯಾಪ್ಸೂಲಿಗಿಂತ ಈ ಗೊಜ್ಜೇ ಮೇಲಲ್ಲವೇ? ಕುದಿಸಿ ಚೆಲ್ಲಿದ ಮೇಲೆ ಕಹಿ ಪೂರ್ತಿ ಹೋಗಿರುತ್ತದೆ, ಹಾಗಾಗಿ ಮಾತ್ರೆ ನುಂಗುವವರಿಗೂ ತೊಂದರೆ ಇರಲಾರದೆಂದು ನನ್ನ ಎಣಿಕೆ. ದೇವನಹಳ್ಳಿ ಚಕ್ಕೋತದಂಥ ಸಿಹಿ ಹಣ್ಣಾದರೆ ಆ ಕುದಿಸುವ ಕೆಲಸವೂ ಬೇಡ.

ಉತ್ತರ: ಪುಣೆ, ಹಡಪ್ಸರ್

ಉಪ್ಪಿನದು ಭ್ರಮೆಯಲ್ಲ. ಸೋಡಿಯಂ ಇದ್ದಾಗ ನಾಲಿಗೆ ಕಹಿಯನ್ನು ಮಂದವಾಗಿ ಗ್ರಹಿಸುತ್ತದೆ. ನರಿಂಜಿನ್ ಅಷ್ಟೇ ಇರುತ್ತದೆ, ಕಡಿಮೆಯಾಗುವುದು ನಮಗೆ ತಿಳಿಯುವ ಕಹಿ. ಕುದಿಸಿ ಚೆಲ್ಲಿದಾಗ ಮಾತ್ರ ಅದು ನಿಜವಾಗಿ ಹೊರಟುಹೋಗುತ್ತದೆ, ಬಿಸಿನೀರಿನಲ್ಲಿ ಕರಗುವ ಗುಣದಿಂದ. ಹಾಗೆ ನೋಡಿದರೆ ಗೊಜ್ಜಿನ ನರಿಂಜಿನ್ ಬಹುಪಾಲು ನಿಮ್ಮ ಮೋರಿಗೆ ಹೋಯಿತು. ಗೊಜ್ಜು ರುಚಿಗೆ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಉತ್ತರ: ಮುಲುಂಡ್

ಮಡಗಾಂವಿನ ಅಣ್ಣನವರ ಎಣಿಕೆಯನ್ನು ಇಲ್ಲಿಯೇ ತಡೆಯಬೇಕಾಗಿದೆ, ಏಕೆಂದರೆ ಬಹಳ ಜನ ಹೀಗೆಯೇ ಯೋಚಿಸುತ್ತಾರೆ. ಕಹಿ ಹೋಯಿತೆಂದರೆ ಹೋದದ್ದು ನರಿಂಜಿನ್. ಸ್ಟಾಟಿನ್ ಮಟ್ಟವನ್ನು ಏರಿಸುವ ಫ್ಯುರಾನೋಕೌಮರಿನ್ ಅಲ್ಲ. ಬರ್ಗಮಾಟಿನ್ ಎಣ್ಣೆಯಲ್ಲಿ ಕರಗುವ ಸ್ವಭಾವದ್ದು, ನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಸಿಪ್ಪೆಯ ಎಣ್ಣೆಯಲ್ಲಿ ಅದು ಇದ್ದೇ ಇರುತ್ತದೆ. ಕಾಯಿಸಿ ಪ್ಯಾಕ್ ಮಾಡಿದ ಗ್ರೇಪ್‌ಫ್ರೂಟ್ ರಸವೂ ತಾಜಾ ರಸದಂತೆಯೇ ಔಷಧಿಯ ಮಟ್ಟವನ್ನು ಏರಿಸುತ್ತದೆ, ಅಂದರೆ ಬಿಸಿಗೆ ಅದು ನಾಶವಾಗುವುದನ್ನು ನೆಚ್ಚುವಂತಿಲ್ಲ. ಸಿಹಿ ಚಕ್ಕೋತದ ಮಾತೂ ಅಷ್ಟೇ: ನರಿಂಜಿನ್ ಕಡಿಮೆಯಿದ್ದು ಸಿಹಿಯಾಗಿರಬಹುದು, ಅದರಿಂದ ಫ್ಯುರಾನೋಕೌಮರಿನ್ ಕಡಿಮೆ ಎಂದು ತೀರ್ಮಾನಿಸಲಾಗದು. ಈ ವಿಷಯದಲ್ಲಿ ನಾಲಿಗೆ ಸಾಕ್ಷಿ ಹೇಳಲಾರದು. ನಮ್ಮ ಕಡೆ ಉಪ್ಪಿನಕಾಯಿ ಹಾಕುವ ಕಂಚಿಕಾಯಿ ಜಾತಿಯ ಹುಳಿಕಿತ್ತಳೆಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ; ಸೆವಿಲ್ ಹುಳಿಕಿತ್ತಳೆಯ ರಸ ಫೆಲೋಡಿಪಿನ್ ಮಟ್ಟವನ್ನು ಏರಿಸಿದ್ದು ಗೊತ್ತಿರುವ ಸಂಗತಿ. ಯಾವ ಮಾತ್ರೆಯನ್ನೂ ನುಂಗದ ಆರೋಗ್ಯವಂತರು ಚಕ್ಕೋತವನ್ನು ಮನಸಾರೆ ತಿನ್ನಲಿ.

ಮರುಪ್ರಶ್ನೆ: ಡೊಂಬಿವಲಿ ಪೂರ್ವದಿಂದ

ಎಲ್ಲರಿಗೂ ಧನ್ಯವಾದಗಳು. ಎಲ್ಲವನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಸ್ಟಾಟಿನ್ ಬಿಡುವ ಮಾತನ್ನು ಅವರು ಕೈಬಿಟ್ಟಿದ್ದಾರೆ, ಚಕ್ಕೋತ ಬಿಡಲು ಒಪ್ಪುತ್ತಿಲ್ಲ. ವರ್ಷಕ್ಕೊಮ್ಮೆ ಬರುವ ಹಣ್ಣು, ಎರಡು ತೊಳೆ ತಿಂದರೆ ಏನಾಗುತ್ತದೆ ಎನ್ನುತ್ತಾರೆ. ಬೇರೆ ಸ್ಟಾಟಿನ್‌ಗೆ ಬದಲಾಯಿಸಿಕೊಳ್ಳಲು ಬರುತ್ತದೆಯೇ? ಕ್ಯಾಪ್ಸೂಲನ್ನು ಸ್ಟಾಟಿನ್ ಜೊತೆಗೇ ನುಂಗಿದರೆ ಹೇಗೆ? ಕಿತ್ತಳೆ, ಮೋಸಂಬಿ, ನಿಂಬೆಹಣ್ಣುಗಳನ್ನೂ ನಿಲ್ಲಿಸಬೇಕೇ?

ಉತ್ತರ: ಮುಲುಂಡ್

ಕೊನೆಯದರಿಂದ ಆರಂಭಿಸುತ್ತೇನೆ. ನಾಗಪುರ ಕಿತ್ತಳೆ, ಮೋಸಂಬಿಗಳಲ್ಲಿ ಫ್ಯುರಾನೋಕೌಮರಿನ್ ನಗಣ್ಯ, ಅಡುಗೆಗೆ ಹಿಂಡುವಷ್ಟು ನಿಂಬೆರಸಕ್ಕೂ ಹೆದರಬೇಕಾಗಿಲ್ಲ. ಫೆಕ್ಸೋಫೆನಡಿನ್ ನುಂಗುವ ಹೊತ್ತಿನಲ್ಲಿ ಮಾತ್ರ ಯಾವ ಹಣ್ಣಿನ ರಸವೂ ಬೇಡ, ನಾಲ್ಕು ಗಂಟೆಯಾದರೂ ಅಂತರವಿರಲಿ.

ಬೇರೆ ಸ್ಟಾಟಿನ್‌ಗಳಿವೆ. ರೋಸುವಾಸ್ಟಾಟಿನ್, ಪ್ರವಾಸ್ಟಾಟಿನ್ ಇವೆರಡೂ ಸಿವೈಪಿ 3ಎ4 ಕಿಣ್ವವನ್ನು ಅವಲಂಬಿಸಿಲ್ಲ, ಹಾಗಾಗಿ ಚಕ್ಕೋತ–ಗ್ರೇಪ್‌ಫ್ರೂಟುಗಳ ಈ ತೊಡಕು ಅವಕ್ಕಿಲ್ಲ. ಆದರೆ ಮೂತ್ರಪಿಂಡದ ಸ್ಥಿತಿ, ಪ್ರಮಾಣ, ಹಿಂದಿನ ರಕ್ತ ಪರೀಕ್ಷೆಗಳನ್ನು ನೋಡಿಕೊಂಡು ಬದಲಿಸಬೇಕಾದವರು ಅವರ ವೈದ್ಯರು. ಹಣ್ಣಿನ ಆಸೆಯನ್ನು ವೈದ್ಯರ ಮುಂದೆ ಹೇಳಲು ಸಂಕೋಚ ಬೇಡ, ಇದು ಅವರಿಗೆ ತಿಳಿದಿರಬೇಕಾದ ಮಾಹಿತಿ. ಅಟೋರ್ವಾಸ್ಟಾಟಿನ್‌ನಲ್ಲೇ ಮುಂದುವರಿಯುವುದಾದರೆ, ಒಂದೆರಡು ತೊಳೆಯಿಂದ ಅನಾಹುತವಾಗುವ ಸಂಭವ ಬಹಳ ಕಡಿಮೆ. ಚೀಲ ಖಾಲಿಯಾಗುವವರೆಗೆ ದಿನವೂ ಒಂದೊಂದು ಹಣ್ಣು ಮುಗಿಸುವುದು ಬೇಡ. ಕಾರಣವಿಲ್ಲದೆ ತೊಡೆ, ಭುಜಗಳಲ್ಲಿ ಮೈಕೈ ನೋವು, ಸುಸ್ತು ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕ್ಯಾಪ್ಸೂಲ್ ಬಗ್ಗೆ ಒಂದು ವಿಚಾರ ಉಳಿದಿದೆ. ಶುದ್ಧ ನರಿಂಜಿನ್ ಆದರೆ ಸ್ಟಾಟಿನ್ ಮೇಲೆ ಅದರ ಪರಿಣಾಮ ಸಣ್ಣದು. ಆದರೆ ‘ಸಿಟ್ರಸ್ ಸಾರ’ ಎಂಬ ಹೆಸರಿನಡಿ ಗ್ರೇಪ್‌ಫ್ರೂಟ್ ಅಥವಾ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಇಡಿಯ ಸಾರವನ್ನೇ ತುಂಬಿದ್ದರೆ ಫ್ಯುರಾನೋಕೌಮರಿನ್‌ಗಳೂ ಅದರೊಳಗೆ ಬಂದಿರಬಹುದು. ಅವನ್ನು ಬೇರ್ಪಡಿಸಿದ್ದಾರೆಯೇ ಎಂಬುದು ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರಯೋಜನ ಸಂದಿಗ್ಧ, ಒಳಗೇನಿದೆ ಎಂಬುದೂ ಸಂದಿಗ್ಧವಾದ್ದನ್ನು ಸ್ಟಾಟಿನ್ ಜೊತೆಗೆ ನುಂಗಿಸುವುದು ನನಗೆ ಸರಿಕಾಣುವುದಿಲ್ಲ. ಡಬ್ಬಿ ಒಡೆದಿಲ್ಲವೆಂದಿರಿ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮೈದುನನಿಗೆ ಹೇಳಿ ವಾಪಸ್ ಕಳಿಸಿಬಿಡಿ.

ಉತ್ತರ: ಮಡಗಾಂವ್

ಒಳ್ಳೆಯ ಮಾತು ತಿಳಿಯಿತು. ನಮ್ಮ ಮಾವನವರೂ ಅಟೋರ್ವಾಸ್ಟಾಟಿನ್ ನುಂಗುವವರೇ. ಅವರ ತಟ್ಟೆಗೆ ಇನ್ನು ಕಿತ್ತಳೆ ಸಿಪ್ಪೆಯ ಗೊಜ್ಜನ್ನೇ ಬಡಿಸಲು ಹೇಳುತ್ತೇನೆ.